ಪ್ರಬಂಧದ ಕರಡುಗಳ ಬಗ್ಗೆ

ಪದವಿ ತರಗತಿಗಳಿಗೆ ಬರವಣಿಗೆ ಕಲಿಸುವ ಎಲ್ಲರಿಗೂ ನಮಸ್ಕಾರ. ಈ ಸೆಮಿಸ್ಟರ್‌ನ ಪ್ರಬಂಧಗಳನ್ನು ಗೂಗಲ್ ಡಾಕ್ಸ್‌ನಲ್ಲಿಯೇ ಬರೆಸೋಣ. ಹಳೆಯ ಆವೃತ್ತಿಗಳು ಅಲ್ಲಿ ಉಳಿಯುತ್ತವೆ; ಯಾವ ವಾಕ್ಯ ಅಳಿಯಿತು, ಯಾವ ಪ್ಯಾರಾ ಮೇಲಕ್ಕೆ ಬಂತು ಎಂಬುದೆಲ್ಲ ಕಾಣುತ್ತದೆ. ವಿದ್ಯಾರ್ಥಿಗಳು ನಿಮಗೆ ಎಡಿಟರ್ (ತಿದ್ದುವ) ಅನುಮತಿ ಕೊಡದಿದ್ದರೆ ಮಾತ್ರ ಆ ಹಳೆಯ ಆವೃತ್ತಿಗಳು ತೆರೆಯವು. ಇಡೀ ಪ್ರಬಂಧ ಒಂದೇ ಏಟಿಗೆ ಬಂದು ಕುಳಿತಿದ್ದರೂ ತಕ್ಷಣ ಕಳ್ಳತನ ಎನ್ನಬೇಡಿ, ಬೇರೆಡೆ ಟೈಪ್ ಮಾಡಿ ತಂದಿರಬಹುದು. ಕರೆದು ಮಾತನಾಡಿಸಿ.

ಸಹಪಾಠಿಗಳಿಗೆ ಕಾಮೆಂಟ್ ಅನುಮತಿ ಸಾಕು. ಅವರು ಸಲಹೆ ಕೊಡಲಿ, ನೇರವಾಗಿ ತಿದ್ದುವುದು ಬೇಡ. ಕಾಗುಣಿತ ಕೊನೆಗೆ. ಮೊದಲು ಅರಿಸ್ಟಾಟಲ್‌ನ ಮೂರು ಹಳೆಯ ಪ್ರಶ್ನೆಗಳನ್ನೇ ಕೇಳಲಿ: ಬರೆದವರನ್ನು ಏಕೆ ನಂಬಬೇಕು, ಓದುಗರ ಮನಸ್ಸನ್ನು ಎಲ್ಲಿ ತಟ್ಟುತ್ತದೆ, ವಾದಕ್ಕೆ ಆಧಾರವೇನು? "ಚೆನ್ನಾಗಿದೆ" ಎಂಬ ಒಂದೇ ಪದದ ಟಿಪ್ಪಣಿಗೆ ಅಂಕವಿಲ್ಲವೆಂದು ಮೊದಲೇ ಹೇಳಿಬಿಡಿ. (ನಮ್ಮ ಮೌಲ್ಯಮಾಪನಕ್ಕೂ ಅದೇ ನಿಯಮ ಅನ್ವಯಿಸಿದರೆ ಒಳ್ಳೆಯದು!)

ಕನ್ನಡ ವಿಭಾಗದವರು ಗಮನಿಸಿ: 'ನುಡಿ' ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ (ಫಾಂಟ್‌ನಲ್ಲಿ) ಟೈಪ್ ಮಾಡಿದ್ದನ್ನು ಡಾಕ್ಸ್‌ಗೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳಷ್ಟೇ ಸಿಗುತ್ತವೆ. ಎಲ್ಲ ಕಡೆ ಬಳಸುವ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿಯೇ ಟೈಪ್ ಮಾಡಿಸಿ. ಮೊಬೈಲ್ ಮಾತ್ರ ಇರುವವರು ಗೂಗಲ್‌ನ ಮೊಬೈಲ್ ಕೀಬೋರ್ಡ್ ಜಿಬೋರ್ಡ್‌ನಲ್ಲಿ ಕನ್ನಡ ಮಾತನಾಡಿಯೇ ಮೊದಲ ಕರಡು ಸಿದ್ಧಪಡಿಸಬಹುದು. ವಿರಾಮಚಿಹ್ನೆಗಳನ್ನು ಆಮೇಲೆ ಸರಿಪಡಿಸಲಿ.