ಮುಯ್ಯಿ ಪುಸ್ತಕದ ಹೆಸರುಗಳು

ಪ್ರೀತಿಯ ತಂಗಿ,

ನಿನ್ನ ಕರಡು ತಲುಪಿ ಹದಿನೈದು ದಿನಗಳಾದವು. ಎರಡು ಸಲ ಸುಮ್ಮನೆ ಓದಿದೆ, ಮೂರನೆಯ ಸಲ ಪೆನ್ಸಿಲ್ ಹಿಡಿದು ಓದಿದೆ. ಜೆಕ್ ದೇಶದ ಬ್ರನೋದಲ್ಲಿ ಕೆಲಸಕ್ಕೆ ಸೇರಿದ ಮೇಲೆ ರಜಾದಿನಗಳನ್ನೆಲ್ಲ ಇಂಥ ಭಾರವಾದ ವಿಷಯಕ್ಕೆ ಕೊಟ್ಟಿದ್ದೀಯೆ ಎಂದು ತಿಳಿದು ಸಂತೋಷವಾಯಿತು, ಜೊತೆಗೆ ಆತಂಕವೂ ಆಯಿತು. 1945ರಲ್ಲಿ ಯುದ್ಧ ಮುಗಿದ ಮೇಲೆ ಜೆಕೊಸ್ಲೊವಾಕಿಯಾದ ಜರ್ಮನ್ ಭಾಷಿಕರ ಮೇಲೆ ನಡೆದ ಹಿಂಸೆಯ ಬಗ್ಗೆ ನಿನ್ನ ಓದುಗರಲ್ಲಿ ಹೆಚ್ಚಿನವರು ಮೊದಲ ಸಲ ಕೇಳುವುದು ನಿನ್ನಿಂದಲೇ. ನೀನು ತಪ್ಪಿದರೆ ತಿದ್ದಲು ಅವರ ಬಳಿ ಬೇರೆ ಪುಸ್ತಕವಿರುವುದಿಲ್ಲ.

ಶೀರ್ಷಿಕೆಯಿಂದಲೇ ಶುರು ಮಾಡುತ್ತೇನೆ. 'ಮುಯ್ಯಿಗೆ ಮುಯ್ಯಿ' ಎಂದು ಇಟ್ಟಿದ್ದೀಯೆ. ನಮ್ಮ ಮನೆಯಲ್ಲಿ ಮದುವೆಯ ಮುಯ್ಯಿ ಬರೆದಿಡುವ ಉದ್ದನೆಯ ಪುಸ್ತಕವೊಂದಿತ್ತು. ಚಪ್ಪರದ ಕಂಬಕ್ಕೆ ಒರಗಿ ಕುಳಿತು ಅಜ್ಜ ಬರೆಯುತ್ತಿದ್ದರು: ಊರು, ಮನೆತನ, ಹೆಸರು, ಐದು ರೂಪಾಯಿ ಅಥವಾ ಒಂದು ಹಿತ್ತಾಳೆಯ ಚೊಂಬು. ವರ್ಷಗಳು ಕಳೆದು ಆ ಮನೆಯಲ್ಲಿ ಮದುವೆಯಾದಾಗ ಪುಸ್ತಕ ಬಿಚ್ಚಿ, ಬೆರಳಿಟ್ಟು ಹುಡುಕಿ, ಅದೇ ಮನೆಗೆ ಅದೇ ಹೆಸರಿಗೆ ಮುಯ್ಯಿ ಮಾಡಿ ಬರುತ್ತಿದ್ದರು. ಒಬ್ಬರು ಕೊಟ್ಟದ್ದನ್ನು ಅವರ ಭಾಷೆ ಆಡುವ ಇನ್ನೊಬ್ಬರಿಗೆ ಹಿಂದಿರುಗಿಸಿದ್ದನ್ನು ನಾನು ಕಂಡಿಲ್ಲ. ಸೇಡಿಗೂ ನಾವು ಇದೇ ಪದವನ್ನು ಬಳಸುತ್ತೇವೆ ಎನ್ನುವುದು ನಿಜ. ಆಗಲೂ ಪುಸ್ತಕದಲ್ಲಿ ಹೆಸರಿರಬೇಕು.

ಈಗ ನಿನ್ನ ಕರಡಿನ ನಡುಭಾಗಕ್ಕೆ ಬರೋಣ. 1945ರ ಜುಲೈ 31ರ ಮಧ್ಯಾಹ್ನ ಊಸ್ತಿ ನಾಡ್ ಲಾಬೆಮ್ ಪಟ್ಟಣದ ಅಂಚಿನಲ್ಲಿ ಮದ್ದುಗುಂಡಿನ ಉಗ್ರಾಣ ಸಿಡಿಯಿತು. ಯಾರು ಮಾಡಿದರು, ಅಪಘಾತವೇ ಎಂದು ಯಾರೂ ಕೇಳುವ ಮೊದಲೇ, ತೋಳಿನ ಬಿಳಿ ಪಟ್ಟಿ ನೋಡಿ ಹೊಡೆಯುವುದು ಶುರುವಾಯಿತು. ಜರ್ಮನ್ನರು ಕಡ್ಡಾಯವಾಗಿ ಕಟ್ಟಿಕೊಳ್ಳಬೇಕಾಗಿದ್ದ ಪಟ್ಟಿ ಅದು. ಎಲ್ಬ್ ನದಿಯ ಸೇತುವೆಯ ಮೇಲೆ, ಆಚೆ ದಡದ ಸೋಪಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಮನೆಗೆ ಮರಳುತ್ತಿದ್ದ ಕಾರ್ಮಿಕರು ಸಿಕ್ಕಿಬಿದ್ದರು. ಅವರನ್ನು ಹೊಡೆದರು, ನದಿಗೆ ಎಸೆದರು, ನೀರಿನಲ್ಲಿ ತೇಲುತ್ತಿದ್ದವರ ಮೇಲೆ ಗುಂಡು ಹಾರಿಸಿದರು. ತಾಯಿಯನ್ನೂ ತಳ್ಳುಗಾಡಿಯಲ್ಲಿದ್ದ ಮಗುವನ್ನೂ ಎಸೆದದ್ದನ್ನು ಕಂಡವರು ಹೇಳಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತೇವೆ; ಇಲ್ಲಿ ಬರೆ ಬಿದ್ದದ್ದು ಕರುವಿಗೆ. ಆ ಮಗುವಿನ ಹೆಸರು ಯಾವ ಪುಟದಲ್ಲಿತ್ತು?

ಇದನ್ನು ನೀನು ಚೆನ್ನಾಗಿಯೇ ಬರೆದಿದ್ದೀಯೆ. ಸೇತುವೆಯ ಕಬ್ಬಿಣ ಬಿಸಿಲಿಗೆ ಕಾದಿತ್ತು ಎಂಬ ಮಾತು ನನ್ನ ಕೈಗೇ ತಾಗಿತು. ಆದರೆ ಅದರ ಹಿಂದಿನ ಪುಟದಲ್ಲಿ ಲಿಡಿಟ್ಸೆ ಎಂಬ ಜೆಕ್ ಹಳ್ಳಿಯ ಕಥೆ ಹೇಳುತ್ತೀಯೆ. 1942ರ ಜೂನ್ 10ರಂದು ನಾಜಿಗಳು ಆ ಹಳ್ಳಿಯಲ್ಲಿ 173 ಗಂಡಸರನ್ನು ಸಾಲಾಗಿ ನಿಲ್ಲಿಸಿ ಗುಂಡಿಟ್ಟರು, ಹೆಂಗಸರನ್ನು ರಾವೆನ್ಸ್‌ಬ್ರುಕ್ ಶಿಬಿರಕ್ಕೆ ಅಟ್ಟಿದರು, 82 ಮಕ್ಕಳನ್ನು ಹೆಲ್ಮ್ನೊ ಶಿಬಿರದಲ್ಲಿ ವಿಷಾನಿಲದಿಂದ ಕೊಂದರು. ಅದು ಮುಗಿದ ಕೂಡಲೇ ಹೊಸ ಪ್ಯಾರಾ, ಅದರ ಮೊದಲ ಪದ 'ಆದ್ದರಿಂದ'. ನಿನ್ನ ಇಡೀ ಕರಡಿನಲ್ಲಿ ನಾನು ಪೆನ್ಸಿಲ್ ಒತ್ತಿ ಹೊಡೆದುಹಾಕಿದ್ದು ಆ ಒಂದು ಪದವನ್ನು. ಸೇತುವೆಯ ಮೇಲೆ ಸತ್ತವರು ಲಿಡಿಟ್ಸೆಗೆ ಹೋದವರಲ್ಲ. ಸೋಪಿನ ಕಾರ್ಖಾನೆಯಿಂದ ಬರುತ್ತಿದ್ದವರನ್ನು ಲಿಡಿಟ್ಸೆಯ ಲೆಕ್ಕಕ್ಕೆ ಜಮಾ ಮಾಡಿದ್ದು ಅಂದಿನ ಗುಂಪು. ಅದೇ ಕೆಲಸವನ್ನು ಎಂಟು ದಶಕಗಳ ನಂತರ ನಿನ್ನ ವಾಕ್ಯ ಮಾಡಬಾರದು.

ಲಿಡಿಟ್ಸೆಯನ್ನು ಬಿಟ್ಟುಬಿಡು ಎಂದು ಇದನ್ನು ಓದಿಕೊಳ್ಳಬೇಡ. ಬಿಟ್ಟರೆ ಇನ್ನೂ ದೊಡ್ಡ ಸುಳ್ಳಾಗುತ್ತದೆ. ಜರ್ಮನ್ನರ ಕಣ್ಣೀರನ್ನು ಹಿಡಿದು ನಾಜಿಗಳ ಕೈಗೆ ಅಂಟಿದ ರಕ್ತ ತೊಳೆಯಲು ಹೊರಟವರು ಅಂದೂ ಇದ್ದರು, ಇಂದೂ ಇದ್ದಾರೆ. ಅವರ ಕೈಗೆ ನಿನ್ನ ಲೇಖನ ಸಿಗುವಂತಾಗಬಾರದು. ನೀನಿರುವ ಊರಿನ ಕೌನಿಟ್ಸ್ ವಿದ್ಯಾರ್ಥಿನಿಲಯದಲ್ಲಿ ನಾಜಿಗಳ ಗುಪ್ತ ಪೊಲೀಸರಾದ ಗೆಸ್ಟಾಪೊ ನೂರಾರು ಜನರನ್ನು ಕೊಂದರು. ಅದನ್ನೂ ಬರೆ, ಪೂರ್ತಿಯಾಗಿ ಬರೆ. ಬರೆದ ಮೇಲೆ ಪೂರ್ಣವಿರಾಮ ಹಾಕು. ಒಂದು ಸಾಲು ಖಾಲಿ ಬಿಟ್ಟು ಸೇತುವೆಗೆ ಬಾ.

ಎರಡನೆಯದು, ಕರ್ತೃಪದ. 'ಜೆಕ್ ಜನ ಸೇಡು ತೀರಿಸಿಕೊಂಡರು' ಎಂದು ಹನ್ನೊಂದು ಕಡೆ ಬರೆದಿದ್ದೀಯೆ. ಊಸ್ತಿಯಲ್ಲಿ ಆ ಹಿಂಸೆಯನ್ನು ತಡೆಯಲು ಹೆಣಗಿದ ಮೇಯರ್ ಕೂಡ ಜೆಕ್ ಜನರಲ್ಲಿ ಒಬ್ಬ. ಪ್ರೆರೊವ್ ರೈಲು ನಿಲ್ದಾಣದ ಪ್ರಕರಣವನ್ನು ನೀನು ಎರಡೇ ಸಾಲಿನಲ್ಲಿ ಮುಗಿಸಿರುವುದು ನನಗೆ ಬೇಸರ ತಂದಿತು, ಏಕೆಂದರೆ ಕರ್ತೃ ಯಾರೆಂದು ಚೆನ್ನಾಗಿ ಗೊತ್ತಿರುವುದು ಅಲ್ಲೇ. ಯುದ್ಧದ ಕೊನೆಯಲ್ಲಿ ಸ್ಲೊವಾಕಿಯಾದಿಂದ ಸ್ಥಳಾಂತರಗೊಂಡಿದ್ದ ಜರ್ಮನ್ ಕುಟುಂಬಗಳು 1945ರ ಜೂನ್‌ನಲ್ಲಿ ತಮ್ಮ ಊರಿಗೆ ಮರಳುತ್ತಿದ್ದವು. ಸೇನಾಧಿಕಾರಿ ಕರೋಲ್ ಪಾಜೂರ್ ಎಂಬವನ ಆದೇಶದಂತೆ ಅವರನ್ನು ರೈಲಿನಿಂದ ಇಳಿಸಿದರು. ಪಕ್ಕದ ಹಳ್ಳಿಯವರನ್ನು ಎಬ್ಬಿಸಿ ತಂದು ಗುಂಡಿ ತೋಡಿಸಿದರು. ಜೂನ್ 18ರ ರಾತ್ರಿಯಿಂದ ಬೆಳಗಿನವರೆಗೆ 265 ಜನರನ್ನು ಕೊಂದರು: 71 ಗಂಡಸರು, 120 ಹೆಂಗಸರು, 74 ಮಕ್ಕಳು. ಯುದ್ಧ ಮುಗಿದು ಆರು ವಾರಗಳಾಗುತ್ತ ಬಂದಿತ್ತು. ಇದನ್ನು 'ಜನರ ಆಕ್ರೋಶ' ಎಂದರೆ ಪಾಜೂರ್ ಆ ಪದದ ಹಿಂದೆ ಅಡಗಿಕೊಳ್ಳುತ್ತಾನೆ, ಸಲಿಕೆ ಹಿಡಿಸಿಕೊಂಡ ಹಳ್ಳಿಯವರು ಅವನ ಜೊತೆ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ.

ಸಂಖ್ಯೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೂರ್ವ ಯುರೋಪಿನಿಂದ ಓಡಿಹೋದ, ಓಡಿಸಲ್ಪಟ್ಟ ಜರ್ಮನ್ನರು ಸುಮಾರು 1.2 ಕೋಟಿ, ಜೆಕೊಸ್ಲೊವಾಕಿಯಾ ಒಂದರಿಂದಲೇ ಸುಮಾರು 30 ಲಕ್ಷ. ಊಸ್ತಿಯಲ್ಲಿ ಸತ್ತವರನ್ನು ಸಾವಿರಗಳಲ್ಲಿ ಎಣಿಸಿದವರಿದ್ದಾರೆ. ಇತಿಹಾಸಕಾರರು ಹೇಳುವುದು ಸುಮಾರು 40ರಿಂದ 100. ನೀನು ದೊಡ್ಡ ಸಂಖ್ಯೆಯನ್ನು ಆರಿಸಿಕೊಂಡಿದ್ದೀಯೆ. ಚಿಕ್ಕದನ್ನು ಹಾಕು. ನೂರು ಜನ ಸಾಲದು ಎಂದು ನಿನಗೆ ಅನ್ನಿಸಿದ್ದರೆ ಆ ಅನಿಸಿಕೆಯನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡು.

ಪದಗಳ ವಿಚಾರಕ್ಕೆ ಮಾತ್ರ ನಾನು ಇಡೀ ಸಂಜೆ ಕೂರಬಲ್ಲೆ. ಜೆಕ್ ಭಾಷೆಯಲ್ಲಿ ಇದನ್ನು ಬಹುಕಾಲ 'ಒಡ್ಸುನ್' ಎಂದರು. ಮೇಜನ್ನು ಗೋಡೆಯ ಕಡೆ ಸರಿಸಿದ ಹಾಗೆ, ಅತ್ತ ಸರಿಸುವುದು. ಜರ್ಮನ್ನರು 'ಫರ್ಟ್ರೈಬುಂಗ್' ಎಂದರು, ಹೊಡೆದಟ್ಟುವುದು. ನೀನು ಒಂದು ಕಡೆ 'ವರ್ಗಾವಣೆ', ಇನ್ನೊಂದು ಕಡೆ 'ಉಚ್ಚಾಟನೆ' ಎಂದು ಯೋಚಿಸದೆ ಬಳಸಿದ್ದೀಯೆ. ವರ್ಗಾವಣೆ ಸರ್ಕಾರಿ ನೌಕರನಿಗೆ ಆಗುವುದು. ಮೂಟೆ ಕಟ್ಟಲು ಸಮಯ ಕೊಡದೆ ಮನೆಯಿಂದ ಎಬ್ಬಿಸಿದ್ದಕ್ಕೆ ಕನ್ನಡದಲ್ಲಿ ಸರಳವಾದ ಮಾತಿದೆ: ಹೊರದಬ್ಬಿದರು. ಇದೇ ವಿಷಯಕ್ಕೆ ಜೆಕೊಸ್ಲೊವಾಕಿಯಾದ 1946ರ ಮೇ 8ರ 115ನೇ ಕಾನೂನು ಬರುತ್ತದೆ. ಸ್ವಾತಂತ್ರ್ಯದ ಹೋರಾಟಕ್ಕಾಗಿ ಅಥವಾ ಆಕ್ರಮಣಕಾರರ ಮೇಲಿನ 'ನ್ಯಾಯವಾದ ಪ್ರತೀಕಾರ'ಕ್ಕಾಗಿ ಮಾಡಿದ ಕೃತ್ಯಗಳು ಅಪರಾಧವಲ್ಲ ಎಂದಿತು ಅದು. ಅವಧಿ 1938ರ ಸೆಪ್ಟೆಂಬರ್ 30ರಿಂದ 1945ರ ಅಕ್ಟೋಬರ್ 28ರವರೆಗೆ. ಯುದ್ಧ ಮುಗಿದದ್ದು ಮೇ ತಿಂಗಳಲ್ಲಿ. ಉಳಿದ ಐದೂವರೆ ತಿಂಗಳು ಯಾರಿಗೆ ಬೇಕಾಗಿತ್ತು? ಅಲ್ಲಿನ ಪ್ರತೀಕಾರದ ಪದ 'ಒಡ್‌ಪ್ಲಾಟಾ'. ಅದರ ಹೊಟ್ಟೆಯಲ್ಲೂ ಪಾವತಿ ಎಂಬ ಅರ್ಥವಿದೆ. ನಮ್ಮ ಮುಯ್ಯಿಯ ದೂರದ ನೆಂಟ. ನಿನ್ನ ಶೀರ್ಷಿಕೆ ಉಳಿಯಬೇಕಾದರೆ ಅದಕ್ಕೆ ದಾರಿ ಇಲ್ಲಿದೆ.

'ಆ ಕಾಲವೇ ಹಾಗಿತ್ತು, ಯಾರೂ ಬಾಯಿ ಬಿಡುವಂತಿರಲಿಲ್ಲ' ಎಂದು ಕೊನೆಯಲ್ಲಿ ಬರೆದಿದ್ದೀಯೆ. ಬಾಯಿ ಬಿಟ್ಟವರಿದ್ದರು, ಅವರು ನಮ್ಮ ಕಸುಬಿನವರೇ. ಪತ್ರಕರ್ತ ಮಿಖಲ್ ಮರೇಶ್ ಗಡಿನಾಡಿನ ಹಿಂಸೆಯನ್ನೂ ಲೂಟಿಯನ್ನೂ 'ಡ್ನೆಶೆಕ್' ವಾರಪತ್ರಿಕೆಯಲ್ಲಿ ಆಗಲೇ ಬರೆದ. ಅದನ್ನು ಪ್ರಕಟಿಸಿದ ಸಂಪಾದಕ ಫರ್ಡಿನಾಂಡ್ ಪೆರೌಟ್ಕಾ ನಾಜಿಗಳ ಬುಖೆನ್‌ವಾಲ್ಡ್ ಶಿಬಿರದಲ್ಲಿ ವರ್ಷಗಟ್ಟಲೆ ಸೆರೆಯಿದ್ದು ಬಂದವನು. ಸೇಡಿನ ಹಕ್ಕು ಯಾರಿಗಾದರೂ ಇದ್ದಿದ್ದರೆ ಅವನಿಗೆ ಇತ್ತು. 1948ರಲ್ಲಿ ಕಮ್ಯುನಿಸ್ಟರು ಅಧಿಕಾರಕ್ಕೆ ಬಂದ ಮೇಲೆ ಮರೇಶ್ ಜೈಲಿಗೆ ಹೋದ. 1945ರಲ್ಲಿ ಕೊಂದ ಜರ್ಮನ್ನರನ್ನು ಹೂತಿದ್ದ ಪೊಸ್ಟೊಲೊಪ್ರ್ಟಿ ಪಟ್ಟಣದ ಸಮಾಧಿಗಳನ್ನು 1947ರಲ್ಲಿ ಅಗೆದು 763 ಶವಗಳನ್ನು ಹೊರತೆಗೆದದ್ದೂ ಜೆಕೊಸ್ಲೊವಾಕಿಯಾದ ಅಧಿಕಾರಿಗಳೇ.

ಇನ್ನೊಬ್ಬ, ಜೆಕ್ ಸಮಾಜಸೇವಕ ಪ್ರೆಮಿಸ್ಲ್ ಪಿಟ್ಟರ್. ನಾಜಿ ಶಿಬಿರಗಳಿಂದ ಬದುಕಿ ಬಂದ ಯಹೂದಿ ಮಕ್ಕಳಿಗಾಗಿ ಅವನು ಪ್ರಾಗ್ ಬಳಿಯ ನಾಲ್ಕು ಹಳೆಯ ಬಂಗಲೆಗಳನ್ನು ಪಡೆದಿದ್ದ. ಆಮೇಲೆ ಜರ್ಮನ್ನರನ್ನು ಕೂಡಿಹಾಕಿದ್ದ ಶಿಬಿರಗಳಿಗೆ ಹೋಗಿ, ಹಸಿವಿನಿಂದ ಸೊರಗಿದ್ದ ಮಕ್ಕಳನ್ನು ಕಂಡು, ಅವರನ್ನೂ ಕರೆದುಕೊಂಡು ಬಂದ. ಎರಡೂ ಬಗೆಯ ಮಕ್ಕಳು ಸೇರಿ 800ಕ್ಕೂ ಹೆಚ್ಚು. ಅಲ್ಲಿ ಮಕ್ಕಳ ಜೊತೆ ಕೆಲಸ ಮಾಡಿದವರಲ್ಲಿ ಯಹೂದಿ ಲೇಖಕ ಎಚ್. ಜಿ. ಆಡ್ಲರ್ ಒಬ್ಬ. ಟೆರೆಜಿನ್ ಮತ್ತು ಆಶ್ವಿಟ್ಸ್ ಎಂಬ ನಾಜಿ ಶಿಬಿರಗಳನ್ನು ದಾಟಿ ಬಂದವನು; ಅವನ ಹೆಂಡತಿ ಆಶ್ವಿಟ್ಸ್‌ನಲ್ಲಿ ಕೊಲ್ಲಲ್ಪಟ್ಟಿದ್ದಳು. ಯುದ್ಧದ ನಂತರ ಅದೇ ಟೆರೆಜಿನ್‌ನಲ್ಲಿ ಜರ್ಮನ್ನರನ್ನು ತುಂಬಿದಾಗ, ಅವರಲ್ಲಿ ಅನೇಕರನ್ನು ಜರ್ಮನ್ನರೆಂಬ ಒಂದೇ ಕಾರಣಕ್ಕೆ ಕೂಡಿಹಾಕಲಾಗಿದೆ ಎಂಬುದನ್ನು ಗುರುತಿಸಿ, ಆ ಕಾರಣ ತನಗೆ ಭಯಂಕರವಾಗಿ ಪರಿಚಿತ ಎಂದು ಬರೆದಿಟ್ಟ. ನಿನ್ನ ಕರಡಿನಲ್ಲಿ ಈ ಮನುಷ್ಯ ಒಂದು ಸಾಲಿನಲ್ಲೂ ಇಲ್ಲ.

ನೀನು ವಾಸಿಸುವ ಬೀದಿಗಳನ್ನೂ ಬಿಟ್ಟಿದ್ದೀಯೆ, ಅದು ನನಗೆ ಅರ್ಥವಾಗಲಿಲ್ಲ. 1945ರ ಮೇ 30ರ ರಾತ್ರಿ ಬ್ರನೋದಿಂದ ಸುಮಾರು 20,000 ಜರ್ಮನ್ನರನ್ನು, ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು, ಆಸ್ಟ್ರಿಯಾ ಗಡಿಯ ಕಡೆಗೆ ನಡೆಸಿದರು. ಅವರನ್ನು ಓಡಿಸಬೇಕೆಂದು ಒತ್ತಾಯಿಸಿದವರಲ್ಲಿ ಶಸ್ತ್ರಾಸ್ತ್ರ ಕಾರ್ಖಾನೆಯ ಕಾರ್ಮಿಕರು ಮುಂದಿದ್ದರು; ಯುದ್ಧದುದ್ದಕ್ಕೂ ಅದೇ ಕಾರ್ಖಾನೆ ಜರ್ಮನ್ ಸೇನೆಗೆ ಬಂದೂಕು ತಯಾರಿಸಿತ್ತು. ದಾರಿಯಲ್ಲಿದ್ದ ಪೊಹೊರ್ಜೆಲಿಟ್ಸೆ ಊರಿನ ಶಿಬಿರದಲ್ಲಿ ರಕ್ತಭೇದಿ ಹರಡಿ ಜನ ಸತ್ತರು. 2015ರಲ್ಲಿ ನಗರಸಭೆ ವಿಷಾದ ಸೂಚಿಸಿತು. ಈಗ ಜನ ಪ್ರತಿವರ್ಷ ಆ ದಾರಿಯನ್ನು ತಿರುಗುಮುರುಗಾಗಿ ನಡೆಯುತ್ತಾರೆ, ಪೊಹೊರ್ಜೆಲಿಟ್ಸೆಯಿಂದ ಹೊರಟು ಬ್ರನೋಗೆ. ಸೇರುವುದು ಹಳೆಯ ಮಠದ ತೋಟವನ್ನು. ಶಾಲೆಯಲ್ಲಿ ನಾವು ಓದಿದ ಮೆಂಡೆಲ್ ಬಟಾಣಿ ಬೆಳೆಸಿದ ಮಠ ಅದು. ಅವನ ಮನೆಮಾತೂ ಜರ್ಮನ್.

ಮೇ ಕೊನೆಯಲ್ಲಿ ನಿನಗೆ ಒಂದು ದಿನ ರಜೆ ಸಿಗಬಹುದು. ಸುಮಾರು ಮೂವತ್ತು ಕಿಲೋಮೀಟರ್, ಒಳ್ಳೆಯ ಬೂಟು ಹಾಕಿಕೋ. ಪಕ್ಕದಲ್ಲಿ ನಡೆಯುವವರ ಜೊತೆ ಮಾತಾಡು, ಅವರ ಅಜ್ಜಿ ಯಾವ ಭಾಷೆಯಲ್ಲಿ ಜೋಗುಳ ಹಾಡುತ್ತಿದ್ದಳು ಎಂದು ಕೇಳು. ಮನೆಗೆ ಬಂದ ರಾತ್ರಿಯೇ ಬರೆಯಬೇಡ, ನಾಲ್ಕು ದಿನ ಬಿಡು. ಜೂನ್ ಮುಗಿಯುವುದರೊಳಗೆ ಹೊಸ ಕರಡು ನನ್ನ ಮೇಜಿನ ಮೇಲಿರಲಿ.

ನಿನ್ನ ಅಕ್ಕ