ನೋಡಿಸಿಕೊಳ್ಳುವ ಊರಿನಿಂದ ಮಗಳಿಗೊಂದು ಪತ್ರ

ಲಕ್ಕುಂಡಿ
ಸೀಗೆ ಹುಣ್ಣಿಮೆಯ ಮರುದಿನ

ಚಿರಂಜೀವಿ ಮಗಳಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ಇತ್ತ ನಾವೆಲ್ಲರೂ ಕ್ಷೇಮದಿಂದಿದ್ದೇವೆ. ನಿನ್ನ ಕ್ಷೇಮ ಸಮಾಚಾರವನ್ನು ಮೇಲಿಂದ ಮೇಲೆ ತಿಳಿಸುತ್ತಿರಬೇಕು. 31 ವರ್ಷ ಅಂಚೆ ಕಚೇರಿಯಲ್ಲಿ ಕುಳಿತು ಊರವರ ಕಾಗದಗಳಿಗೆಲ್ಲ ಮುದ್ರೆ ಒತ್ತಿದ ನಾನು, ಸ್ವಂತ ಮಗಳಿಗೆ ಬರೆದ ಕಾಗದವನ್ನು ಡಬ್ಬಿಗೆ ಹಾಕಲಾಗದೆ, ನಿನ್ನ ತಮ್ಮನ ಫೋನಿನಲ್ಲಿ ಹಾಳೆ ಹಾಳೆಯಾಗಿ ಚಿತ್ರ ತೆಗೆಸಿ ಕಳುಹಿಸುವ ಕಾಲ ಬಂದಿದೆ. ಹದಿನೈದು ದಿನಕ್ಕೊಂದು ಊರು ಬದಲಿಸುವವಳಿಗೆ ಯಾವ ವಿಳಾಸವನ್ನು ಬರೆಯಲಿ?

ಮೆಕ್ಸಿಕೋದ ವಹಾಕಾ ಪಟ್ಟಣದಿಂದ ನೀನು ಬರೆದದ್ದನ್ನು ನಿನ್ನ ಅವ್ವನಿಗೆ ಎರಡು ಸಲ ಓದಿ ಹೇಳಿದೆ. ಪ್ರವಾಸಿಗರಿಗಾಗಿ ನಡೆಸುವ ಅಡುಗೆಯ ತರಗತಿಯಲ್ಲಿ ಎರಡು ತಾಸು ಕುಳಿತು ಟೋರ್ಟಿಯಾ ಎಂಬ ಗೋವಿನಜೋಳದ ರೊಟ್ಟಿ ಮಾಡಲು ಕಲಿತೆನೆಂದೂ, ಮೋಲೆ ಎಂಬ ಗಟ್ಟಿ ಸಾರಿನ ರುಚಿ ನೋಡಿದೆನೆಂದೂ, ಸಂಜೆ ಹೋಟೆಲಿನ ಅಂಗಳದಲ್ಲಿ ಅಲ್ಲಿಯವರ ಕುಣಿತವನ್ನು ಕಂಡೆನೆಂದೂ ಬರೆದು, ಕೊನೆಯಲ್ಲಿ ‘ಈ ನಾಡಿನ ಸಂಸ್ಕೃತಿಯನ್ನು ಪೂರ್ತಿ ಅನುಭವಿಸಿದೆ’ ಎಂದಿರುವೆ. ಆ ಸಾಲಿಗೆ ಬಂದಾಗ ನಿನ್ನ ಅವ್ವ ನಕ್ಕಳು. “ಎರಡು ತಾಸಿನ್ಯಾಗ ರೊಟ್ಟಿ ಬಡಿಯೂದು ಕಲತಳಂತ? ನಮ್ಮನ್ಯಾಗ ಇಪ್ಪತ್ತು ವರ್ಷ ಇದ್ದು ಕಲೀಲಿಲ್ಲ” ಎಂದಳು. ನಾನು ನಗಲಿಲ್ಲ. ಆ ಸಾಲು ನನ್ನನ್ನು ಎರಡು ದಿನ ಕಾಡಿದ್ದರಿಂದಲೇ ಈ ಕಾಗದ ಬರೆಯಲು ಕುಳಿತೆ.

ನಾನು ದೇಶದ ಗಡಿಯನ್ನು ದಾಟಿದವನಲ್ಲ. ಕಾಶಿ ಮತ್ತು ರಾಮೇಶ್ವರ, ಇವೆರಡೇ ನನ್ನ ದೂರದ ಪ್ರಯಾಣಗಳು. ಲೋಕ ಸುತ್ತುತ್ತಿರುವ ಮಗಳಿಗೆ ತಿಳಿವಳಿಕೆ ಹೇಳುವ ಅಧಿಕಾರ ಇಂಥವನಿಗೆ ಎಲ್ಲಿಂದ ಬಂತು ಎಂದು ನೀನು ಕೇಳಿದರೆ ತಪ್ಪಿಲ್ಲ. ನೀನು ಈಗ ಪರರ ಊರುಗಳನ್ನು ನೋಡುತ್ತಿರುವೆ. ನಾನು ಹುಟ್ಟಿದಂದಿನಿಂದ ಪರರು ನೋಡಲು ಬರುವ ಊರಿನಲ್ಲಿ ಬಾಳಿದವನು. 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿವಿಶ್ವನಾಥನ ಗುಡಿಯ ನುಣುಪಾದ ಕಂಬಗಳು, ಮಾಣಿಕೇಶ್ವರ ಗುಡಿಯ ಮುಸುಕಿನ ಬಾವಿ, ಇವುಗಳನ್ನು ನೋಡಲು ಬಂದವರನ್ನು ನಾನು ಕಚೇರಿಯ ಕಿಟಕಿಯಿಂದ ನೋಡುತ್ತ ಬಂದಿದ್ದೇನೆ. ನೋಡಿಸಿಕೊಳ್ಳುವವರಿಗೂ ಕಣ್ಣುಗಳಿರುತ್ತವೆ ಎಂಬುದು ನೋಡಲು ಬಂದವರಿಗೆ ಅನೇಕ ಸಲ ಹೊಳೆಯುವುದಿಲ್ಲ.

ಬಾದಾಮಿಯನ್ನು ಮುಗಿಸಿ ಹಂಪಿಗೆ ಹೊರಟವರು ನಡುವೆ ನಮ್ಮೂರಿಗೆ ಅರ್ಧ ತಾಸು ಕೊಡುತ್ತಾರೆ. ನೂರೊಂದು ಗುಡಿ, ನೂರೊಂದು ಬಾವಿ ಎಂದು ಹಿರಿಯರು ಹೇಳುತ್ತಿದ್ದ ಊರಿಗೆ ಅರ್ಧ ತಾಸು! ಬಾವಿಯ ಮೆಟ್ಟಿಲುಗಳ ಚಿತ್ರ ತೆಗೆಯುತ್ತಾರೆ, ಮರಳುವಾಗ ದಾರಿಯಲ್ಲಿ ಕಂಡ ಎಮ್ಮೆಯ ಚಿತ್ರ, ಕಟ್ಟೆಯ ಮೇಲೆ ಕುಳಿತ ಮುದುಕನ ಚಿತ್ರ, ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದ ಹೆಂಗಸಿನ ಚಿತ್ರ ತೆಗೆಯುತ್ತಾರೆ. ಎಮ್ಮೆಗೂ ಮುದುಕನಿಗೂ ಅವರು ಕೇಳುವ ಅಪ್ಪಣೆ ಒಂದೇ, ಅಂದರೆ ಯಾವುದೂ ಇಲ್ಲ. ಕೆಲವರು ನನ್ನ ಬಳಿ ಅಂಚೆ ಚೀಟಿ ಕೊಂಡು ಅಲ್ಲಿಯೇ ನಿಂತು ಕಾರ್ಡು ಬರೆಯುತ್ತಿದ್ದರು. ಕಾರ್ಡು ಮುಚ್ಚಿದ ಲಕೋಟೆಯಲ್ಲ, ಮುದ್ರೆ ಒತ್ತುವಾಗ ಕಣ್ಣು ಅದರ ಮೇಲೆ ಹೋಗುವುದು ಸಹಜ. ಅದನ್ನು ದೊಡ್ಡ ಅಪರಾಧವೆಂದು ಎಣಿಸಬೇಡ. ನನಗೆ ತಿಳಿದ ಇಂಗ್ಲಿಷಿನಲ್ಲಿ ನಾನು ಓದಿದ ಕಾರ್ಡುಗಳಲ್ಲಿ ಬಿಸಿಲು ಇರುತ್ತಿತ್ತು, ಧೂಳು ಇರುತ್ತಿತ್ತು, ಕಲ್ಲಿನ ಕೆತ್ತನೆಯ ಹೊಗಳಿಕೆ ಇರುತ್ತಿತ್ತು. ಊರಿನ ಒಬ್ಬ ಮನುಷ್ಯನಾದರೂ ಇದ್ದ ಕಾರ್ಡು ನನಗೆ ನೆನಪಿಲ್ಲ.

ಒಬ್ಬಾಕೆ ಮಾತ್ರ ಬೇರೆ ರೀತಿಯವಳು. ಆಗ ನೀನಿನ್ನೂ ಹುಟ್ಟಿರಲಿಲ್ಲ. ಗದಗಿನಲ್ಲಿ ವಸತಿ ಮಾಡಿಕೊಂಡು, ಮೂರು ದಿನ ಬೆಳಗಿನ ಬಸ್ಸಿಗೆ ಬರುತ್ತಿದ್ದ ನಡುವಯಸ್ಸಿನ ಜರ್ಮನ್ ಹೆಂಗಸು. ಮೊದಲನೆಯ ದಿನ ಗುಡಿಗಳನ್ನು ನೋಡಿದಳು. ಎರಡನೆಯ ದಿನ ಚೀಟಿ ಕೊಳ್ಳಲು ಬಂದವಳಿಗೆ ಪಕ್ಕದ ನಮ್ಮ ಮನೆಯೊಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು. ಅದೇನೆಂದು ಕೈಸನ್ನೆಯಿಂದ ಕೇಳಿದಳು. ಕರೆದುಕೊಂಡು ಹೋದೆ. ಹೊಸ್ತಿಲಾಚೆ ಚಪ್ಪಲಿಗಳನ್ನು ಕಂಡು ತನ್ನ ಬೂಟುಗಳನ್ನೂ ಅಲ್ಲಿಯೇ ಬಿಟ್ಟು, ಒಲೆಯಿಂದ ಮಾರು ದೂರ ನೆಲದ ಮೇಲೆ ಕುಳಿತು, ನಿನ್ನ ಅಜ್ಜಿ ಕೊಣಮಿಗೆಯಲ್ಲಿ ಹಿಟ್ಟು ನಾದುವುದನ್ನು ಒಂದು ತಾಸು ಸುಮ್ಮನೆ ನೋಡಿದಳು. ಚೀಲದಿಂದ ಕ್ಯಾಮೆರಾ ಹೊರಗೆ ಬರಲಿಲ್ಲ. ಆ ಮೇಲೆ ಅಜ್ಜಿಯೇ ಒಂದು ಮುದ್ದೆಯನ್ನು ಆಕೆಯ ಮುಂದೆ ಸರಿಸಿದಳು. ಮೂರು ಸಲವೂ ರೊಟ್ಟಿ ಹರಿಯಿತು. ಅಜ್ಜಿ ಹಿಟ್ಟಿಗೆ ಬಿಸಿ ಎಸರನ್ನು ಇನ್ನಷ್ಟು ಹಾಕಿ, ಆಕೆಯ ಬೆರಳನ್ನು ಹಿಡಿದು ಆ ಬಿಸಿಗೆ ತಾಗಿಸಿ, ಇಷ್ಟು ಸುಡಬೇಕು ಎಂದು ತೋರಿಸಿದಳು. ಜೋಳದ ಹಿಟ್ಟಿಗೆ ಗೋಧಿಯ ಅಂಟು ಇಲ್ಲದ ಕಾರಣ ಕುದಿನೀರು ಬಿದ್ದರೆ ಮಾತ್ರ ಅದಕ್ಕೆ ಜಿಗಿ ಬರುತ್ತದೆ ಎಂಬುದನ್ನು ಆಕೆ ಬೆರಳು ಸುಟ್ಟುಕೊಂಡೇ ಕಲಿತಳು. ಮೂರನೆಯ ದಿನವೂ ಬಂದಳು. ನಾಲ್ಕನೆಯ ರೊಟ್ಟಿ ಹರಿಯಲಿಲ್ಲ.

ಅಡುಗೆ ತರಗತಿಯಲ್ಲಿ ನಿನ್ನ ಟೋರ್ಟಿಯಾ ಮೊದಲ ಸಲಕ್ಕೇ ದುಂಡಾಗಿ ಬಂದಿತೆಂದು ಬರೆದಿರುವೆ. ಬಾರದೆ ಏನು? ಹಿಟ್ಟನ್ನು ಯಾರೋ ಮೊದಲೇ ಸಿದ್ಧಪಡಿಸಿ ಇಟ್ಟಿದ್ದರು, ನೀನು ಎರಡು ಹಲಗೆಗಳ ನಡುವೆ ಇಟ್ಟು ಒತ್ತಿದೆ, ಅಷ್ಟೇ. ಆ ಹಿಟ್ಟಿನ ಹಿಂದಿನ ರಾತ್ರಿಯ ಕೆಲಸವನ್ನು ನೀನು ನೋಡಲಿಲ್ಲ. ಗದಗಿನ ಗ್ರಂಥಾಲಯದಲ್ಲಿ ನಾನು ಓದಿ ತಿಳಿದದ್ದನ್ನು ಹೇಳುತ್ತೇನೆ, ನೀನು ಒಂದು ಮನೆಯಲ್ಲಿ ಕುಳಿತು ಕಣ್ಣಾರೆ ಕಂಡು ನನಗೆ ಬರೆ. ಅಲ್ಲಿಯವರು ಗೋವಿನಜೋಳದ ಕಾಳನ್ನು ಸುಣ್ಣದ ನೀರಿನಲ್ಲಿ ಕುದಿಸಿ, ರಾತ್ರಿಯೆಲ್ಲ ಅದರಲ್ಲಿಯೇ ನೆನೆಯಬಿಟ್ಟು, ಬೆಳಿಗ್ಗೆ ತೊಳೆದು ಸಿಪ್ಪೆ ಬಿಡಿಸಿ ಬೀಸುತ್ತಾರೆ. ನಮ್ಮ ಜೋಳಕ್ಕೆ ಕುದಿಯುವ ಎಸರು ಮಾಡುವ ಕೆಲಸವನ್ನು ಅವರ ಕಾಳಿಗೆ ಸುಣ್ಣ ಮಾಡುತ್ತದೆ. ಅದಿಲ್ಲದಿದ್ದರೆ ಹಿಟ್ಟು ಕೂಡಿಕೊಳ್ಳುವುದಿಲ್ಲ. ಮಣ್ಣಿನ ಹಂಚಿಗೂ ರೊಟ್ಟಿ ಅಂಟದಂತೆ ಸುಣ್ಣದ ನೀರನ್ನೇ ಬಳಿಯುತ್ತಾರಂತೆ. ವಹಾಕಾದ ಕಣಿವೆಯ ಗಿಲಾ ನಕಿಟ್ಜ್ ಎಂಬ ಗುಹೆಯಲ್ಲಿ ಸಿಕ್ಕಿದ ಗೋವಿನಜೋಳದ ತೆನೆಗಳಿಗೆ ಸುಮಾರು 6,250 ವರ್ಷಗಳ ವಯಸ್ಸು. ನೀನು ಉಣ್ಣುತ್ತಿರುವುದು ಅಷ್ಟು ಹಳೆಯ ಒಕ್ಕಲುತನದ ಅನ್ನ.

ಈ ಸುಣ್ಣದ ಕಥೆಯಲ್ಲಿ ಒಂದು ದುಃಖದ ಭಾಗವಿದೆ, ಅದನ್ನು ಓದಿದ ದಿನ ನನಗೆ ಊಟ ರುಚಿಸಲಿಲ್ಲ. ಸ್ಪೇನಿನವರು ಅಮೆರಿಕದ ನೆಲದಿಂದ ಗೋವಿನಜೋಳದ ಬೀಜವನ್ನು ಯುರೋಪಿಗೆ ಒಯ್ದರು, ಆದರೆ ಅದನ್ನು ಸುಣ್ಣದಲ್ಲಿ ಬೇಯಿಸುತ್ತಿದ್ದ ಹೆಂಗಸರ ತಿಳಿವಳಿಕೆಯನ್ನು ಒಯ್ಯಲಿಲ್ಲ. ಕಾಳಿನಲ್ಲಿರುವ ನಯಾಸಿನ್ ಎಂಬ ಜೀವಸತ್ವ ಸುಣ್ಣದ ಸಂಸ್ಕಾರವಿಲ್ಲದೆ ಮೈಗೆ ಹತ್ತುವುದಿಲ್ಲ. 18ನೆಯ ಶತಮಾನದಿಂದ ಮುಂದೆ ಸ್ಪೇನ್ ಮತ್ತು ಉತ್ತರ ಇಟಲಿಯಲ್ಲಿ ಗೋವಿನಜೋಳವನ್ನೇ ನೆಚ್ಚಿ ಬದುಕಿದ ಬಡ ರೈತರಿಗೆ ಪೆಲ್ಲಾಗ್ರಾ ಎಂಬ ರೋಗ ತಗಲಿ, ಚರ್ಮ ಬಿರಿದು, ಬುದ್ಧಿ ಕೆಟ್ಟು, ಅಸಂಖ್ಯ ಜನ ಸತ್ತರು. ರೋಗದ ಕಾರಣ ಖಚಿತವಾಗಿ ಗೊತ್ತಾಗಲು 20ನೆಯ ಶತಮಾನ ಬರಬೇಕಾಯಿತು. ಕಾಳು ಸಿಕ್ಕಿತೆಂದು ಸಂತೋಷಪಟ್ಟವರು ಅದನ್ನು ಬೇಯಿಸುವವಳ ಪಕ್ಕದಲ್ಲಿ ಒಂದು ರಾತ್ರಿ ಕುಳಿತಿದ್ದರೆ ಸಾಕಿತ್ತು. ಎರಡು ತಾಸಿನ ತರಗತಿಯ ವಿಷಯ ಓದಿದಾಗ ನನಗೆ ನೆನಪಾದದ್ದು ಇದು.

ಅಲ್ಲಿಯ ಖಾರ ನಮ್ಮದರ ಮುಂದೆ ಏನೂ ಅಲ್ಲವೆಂದು ಬರೆದಿರುವೆಯಲ್ಲ, ಆ ಜಂಬವನ್ನು ಬಿಡು. ಮೆಣಸಿನಕಾಯಿ ಹುಟ್ಟಿದ್ದೇ ಆ ಕಡೆಯ ನೆಲದಲ್ಲಿ. ಪೋರ್ಚುಗೀಸರ ಹಡಗಿನಲ್ಲಿ ನಮ್ಮ ತೀರಕ್ಕೆ ಬಂದಾಗ ನಾವು ಅದಕ್ಕೆ ಮನೆಯಲ್ಲಿದ್ದ ಕರಿಮೆಣಸಿನ ಹೆಸರನ್ನೇ ಕೊಟ್ಟೆವು. ಶೇಂಗಾ ಕೂಡ ದಕ್ಷಿಣ ಅಮೆರಿಕದ್ದು. ಅತ್ತಿಮಬ್ಬೆಯ ಅಡುಗೆಮನೆಯಲ್ಲಿ ಬ್ಯಾಡಗಿ ಮೆಣಸಿನಕಾಯಿಯೂ ಇರಲಿಲ್ಲ, ಶೇಂಗಾ ಹಿಂಡಿಯೂ ಇರಲಿಲ್ಲ ಎಂದರೆ ನಿನ್ನ ಅವ್ವ ಈಗಲೂ ನಂಬುವುದಿಲ್ಲ.

ಇನ್ನು ನೀನು ಕೇಳಿದ ಪ್ರಶ್ನೆ. ನಾವು ಮಾಂಸ ತಿನ್ನುವವರಲ್ಲ, ಅಲ್ಲಿ ಹುರಿದ ಮಿಡತೆಯನ್ನೂ ಪ್ರೀತಿಯಿಂದ ಮುಂದಿಡುತ್ತಾರೆ, ಬೇಡವೆಂದರೆ ಅವರ ಮನಸ್ಸು ನೋಯುವುದಿಲ್ಲವೇ ಎಂದು ಕೇಳಿರುವೆ. ತಾಟಿನ ಮುಂದೆ ಕುಳಿತು ಮುಖ ಕಿವುಚಿದರೆ ನೋಯುತ್ತದೆ. ನಮ್ಮ ಮನೆಗೆ ಬಂದವರೊಬ್ಬರು ಸಜ್ಜೆ ರೊಟ್ಟಿಯನ್ನು ಮೂಸಿ ನೋಡಿ ಪಕ್ಕಕ್ಕಿಟ್ಟದ್ದನ್ನು ಅಜ್ಜಿ ಸಾಯುವವರೆಗೂ ಹೇಳುತ್ತಿದ್ದಳು. ಆದ್ದರಿಂದ ಒಲೆ ಹೊತ್ತಿಸುವ ಮೊದಲೇ ನಿನ್ನ ಮನೆಯ ಪದ್ಧತಿಯನ್ನು ಅವರ ಭಾಷೆಯ ನಾಲ್ಕು ಮಾತಿನಲ್ಲಿ ತಿಳಿಸು, ಅವರು ಕೊಟ್ಟ ನೀರನ್ನು ಕುಡಿ, ಹುರುಳಿಕಾಯಿಯ ಜಾತಿಯ ಕಾಳಿನ ಪಲ್ಯವನ್ನೂ ಬಿಸಿ ಟೋರ್ಟಿಯಾವನ್ನೂ ಇನ್ನೊಂದು ಸಲ ಕೇಳಿ ಹಾಕಿಸಿಕೋ. ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಪಾಪಾಸುಕಳ್ಳಿಯ ಜಾತಿಯದನ್ನೇ ಅವರು ಮುಳ್ಳು ತೆಗೆದು ಪಲ್ಯ ಮಾಡುತ್ತಾರಂತೆ. ಅದು ಸಸ್ಯವೇ ಆದ್ದರಿಂದ ಹೇಸದೆ ತಿನ್ನು. ಎರಡನೆಯ ಸಲ ಹಾಕಿಸಿಕೊಂಡವರ ಮೇಲೆ ಯಾವ ಊರಿನ ಹೆಂಗಸೂ ಸಿಟ್ಟಾಗುವುದಿಲ್ಲ. ಉಣ್ಣುತ್ತಿರುವ ಅಪರಿಚಿತರ ಪಕ್ಕದಲ್ಲಿ ಹಾದುಹೋಗುವಾಗಲೂ ಅಲ್ಲಿಯವರು ‘ಪ್ರೊವೆಚೊ’ ಎನ್ನುತ್ತಾರೆ, ಉಂಡದ್ದು ಮೈಗೆ ಹತ್ತಲಿ ಎಂಬ ಅರ್ಥ ಎಂದು ನೀನೇ ಹಿಂದೊಮ್ಮೆ ಬರೆದಿದ್ದೆ. ನಮ್ಮಲ್ಲಿ ಉಣ್ಣುವವನೇ ಹಾದುಹೋಗುವವನನ್ನು “ಬರ್ರಿ, ಊಟಕ್ಕ ಬರ್ರಿ” ಎಂದು ಕರೆಯುತ್ತಾನೆ. ಆ ಒಂದು ಮಾತನ್ನು ಅವರಿಗೂ ಕಲಿಸಿ ಬಾ.

ನವೆಂಬರ್ 1 ಮತ್ತು 2ರಂದು ನಡೆಯುವ ಸತ್ತವರ ಹಬ್ಬದವರೆಗೆ ಅಲ್ಲಿಯೇ ಇರುವೆನೆಂದು ಬರೆದದ್ದು ನನಗೆ ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಟ್ಟಿದೆ. 2008ರಲ್ಲಿ ಯುನೆಸ್ಕೋ ಅದನ್ನು ತನ್ನ ಪಾರಂಪರಿಕ ಪಟ್ಟಿಗೆ ಸೇರಿಸಿದೆ ಎಂದು ತಿಳಿಸಿರುವೆ, ಒಳ್ಳೆಯದು. ಪಟ್ಟಿಗೆ ಸೇರದೆಯೂ ನಾವು ಮಹಾನವಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಹಿಡಿಯುತ್ತೇವೆ. ಈ ವರ್ಷವೂ ಹಿಡಿದೆವು. ಅವರು ಮನೆಯಲ್ಲಿ ಮೇಜು ಅಲಂಕರಿಸಿ, ಸತ್ತವರ ಚಿತ್ರವಿಟ್ಟು, ಅವರಿಗೆ ಪ್ರೀತಿಯಾಗಿದ್ದ ತಿನಿಸುಗಳನ್ನು ಇಟ್ಟು, ದಾರಿ ತಪ್ಪದಿರಲೆಂದು ಚೆಂಡುಹೂವಿನ ಎಸಳುಗಳನ್ನು ಉದುರಿಸುವುದಕ್ಕೆ ನನ್ನ ಭಾಷೆಯಲ್ಲಿ ಎಡೆ ಎಂಬುದಕ್ಕಿಂತ ಸರಿಯಾದ ಶಬ್ದವಿಲ್ಲ. ಆ ಚೆಂಡುಹೂ ಕೂಡ ಮೆಕ್ಸಿಕೋದಿಂದಲೇ ಬಂದದ್ದು. ಈಗ ನಮ್ಮ ಸುತ್ತಿನ ಹೊಲಗಳಲ್ಲಿ ಅರಳಿ ನಿಂತಿದೆ. ದೀಪಾವಳಿಯ ಪಾಡ್ಯದಂದು ಸಗಣಿಯ ಹಟ್ಟಿ ಲಕ್ಕವ್ವನ ತಲೆಗೆ ಅದನ್ನು ಸಿಕ್ಕಿಸುವಾಗ ಇದು ಯಾವ ನಾಡಿನ ಹೂವೆಂದು ನಾವು ಯಾರೂ ಕೇಳುವುದಿಲ್ಲ.

ಆ ರಾತ್ರಿ ಸ್ಮಶಾನಕ್ಕೆ ಕ್ಯಾಮೆರಾ ಹಿಡಿದು ಹೋಗುವ ಜನ ಬಹಳವೆಂದೂ, ನೀನೂ ಹೋಗಬೇಕೆಂದಿರುವೆಯೆಂದೂ ತಮ್ಮ ಹೇಳಿದ. ಯಾರಾದರೂ ಕರೆದರೆ ಹೋಗು, ಕರೆಯದಿದ್ದರೆ ಹೋಗಬೇಡ. ನಿನ್ನ ಅಜ್ಜಿಯ ಸಮಾಧಿಯ ಬಳಿ ನಾವು ಕುಳಿತಾಗ ಗುರುತಿಲ್ಲದ ನಾಲ್ವರು ಬಂದು ದೀಪ ಹಿಡಿದು ನಮ್ಮ ಮುಖ ನೋಡಿದರೆ ಹೇಗಿರುತ್ತಿತ್ತೆಂದು ಯೋಚಿಸು.

ನೀನು ಉಳಿದುಕೊಂಡ ಮನೆಯ ಹೆಂಗಸು, ನಿನ್ನವರು ಯಾರಾದರೂ ತೀರಿಕೊಂಡಿದ್ದರೆ ಅವರ ಚಿತ್ರವನ್ನೂ ನಮ್ಮ ಮೇಜಿನ ಮೇಲೆ ಇಡೋಣ ಎಂದು ಕೇಳಿದ್ದಾಳಲ್ಲ, ನಿನ್ನ ಅಜ್ಜಿಯ ಚಿತ್ರವನ್ನು ಈ ಹಾಳೆಗಳ ಜೊತೆಗೆ ಕಳುಹಿಸುತ್ತಿದ್ದೇನೆ. ಆ ಜರ್ಮನ್ ಹೆಂಗಸು ಮೂರನೆಯ ದಿನ ಹೊರಡುವಾಗ ಕ್ಯಾಮೆರಾ ತೋರಿಸಿ, ತೆಗೆಯಲೇ ಎಂದು ಕಣ್ಣಿನಲ್ಲಿಯೇ ಕೇಳಿದಳು. ಅಜ್ಜಿ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡಳು, ಆದರೆ ಕೈಯ ಕೆಲಸ ನಿಲ್ಲಿಸಲಿಲ್ಲ. ಮೂರು ತಿಂಗಳ ನಂತರ ನನ್ನ ಮೇಜಿನ ಮೇಲೆ ಬಿದ್ದ ಚೀಲದಲ್ಲಿ ಅಜ್ಜಿಯ ಹೆಸರಿಗೆ ಒಂದು ಲಕೋಟೆ ಇತ್ತು. ಆಕೆಯ ಹೆಸರಿಗೆ ಪರದೇಶದಿಂದ ಬಂದ ಅಂಚೆ ಅದೊಂದೇ. ಅಂಗಳದಲ್ಲಿ ಕುಳಿತ ಅಜ್ಜಿಯ ಚಿತ್ರಗಳು ಎಷ್ಟು ದೇಶಗಳ ಆಲ್ಬಮ್ಮುಗಳಲ್ಲಿ ಇವೆಯೋ ನಾನರಿಯೆ. ನಮ್ಮ ಮನೆಯಲ್ಲಿ ಇರುವುದು ಇದೊಂದೇ.

ಅದರ ಮುಂದೆ ಅವರ ಸಿಹಿ ಬ್ರೆಡ್ಡನ್ನು ಅವರು ಇಡಲಿ, ಬೇಡವೆನ್ನಬೇಡ. ಅಜ್ಜಿಗೆ ಸಿಹಿ ಸೇರುತ್ತಿರಲಿಲ್ಲ ಎಂಬುದು ನಿನಗೆ ಗೊತ್ತು. ನೀನು ಬೇರೆಯಾಗಿ ಒಂದು ಹಿಡಿ ಹುರಿದ ಶೇಂಗಾ, ಒಂದು ಹಸಿ ಮೆಣಸಿನಕಾಯಿ ಮತ್ತು ನಿನ್ನ ಕೈಯಿಂದಲೇ ಬಡಿದ ಒಂದು ರೊಟ್ಟಿಯನ್ನು ಇಡು, ಹರಿದಿದ್ದರೂ ಇಡು. ಎಲೆ ಅಡಿಕೆ ಆ ಊರಿನಲ್ಲಿ ಸಿಗಲಿಕ್ಕಿಲ್ಲ. ಸುಣ್ಣವನ್ನು ಆ ಮನೆಯ ಅಡುಗೆಯವಳ ಬಳಿಯೇ ಬೆರಳ ತುದಿಯಷ್ಟು ಕೇಳಿ ಪಡೆದುಕೋ.

ನಿನ್ನ ಅಪ್ಪ