ಕಬೋರ್ಡ್ ಆರ್ಡರ್ ಕೊಡುವ ಮುಂಚೆ ಓದಿ

ಕೋಲಾರದಲ್ಲಿ ಮನೆ ಕಟ್ಟಿಸುತ್ತಿರುವ ಸದಸ್ಯರ ಗಮನಕ್ಕೆ.

ಅಡುಗೆ ಕಟ್ಟೆಯ ಕೆಳಗೆ ಆದಷ್ಟೂ ಡ್ರಾಯರ್‌ಗಳನ್ನೇ ಹಾಕಿಸಿ. ಬಾಗಿಲಿನ ಕಬೋರ್ಡ್ ಅಗ್ಗ, ನಿಜ. ಆದರೆ ಹಿಂದಿನ ಪಾತ್ರೆ ತೆಗೆಯಲು ನೆಲಕ್ಕೆ ಕೂರಬೇಕು. ಮಂಡಿ ನೋವಿರುವ ಹಿರಿಯರಿಗೆ ಅದು ದಿನನಿತ್ಯದ ಹಿಂಸೆ. 24 ಇಂಚು ಆಳದ ಕಟ್ಟೆಗೆ 20 ಇಂಚಿನ ಚಾನೆಲ್ (ಡ್ರಾಯರ್ ಜಾರುವ ಲೋಹದ ಹಳಿ) ಸರಿ. ಮೇಲಿನ ಡ್ರಾಯರ್ ಸೌಟು, ಚಮಚಕ್ಕೆ 5 ಇಂಚು, ನಡುವಿನದು ತಟ್ಟೆ, ಲೋಟಕ್ಕೆ 8, ಕೆಳಗಿನದು ಕುಕ್ಕರ್, ಮುದ್ದೆ ಪಾತ್ರೆಗೆ 12 ಇಂಚು ಎತ್ತರವಿರಲಿ.

ಕೆಳಗಿನದಕ್ಕೆ 45 ಕೆಜಿ ತಡೆಯುವ ಚಾನೆಲ್ಲೇ ಬೇಕು. ರಾಗಿಹಿಟ್ಟು, ಅಕ್ಕಿ ಡಬ್ಬಗಳು ಒಂದೇ ಕಡೆ ಸೇರಿದರೆ ತೆಳು ಚಾನೆಲ್ ಬಾಗಿ, ಡ್ರಾಯರ್ ಓರೆಯಾಗಿ ಸಿಕ್ಕಿಕೊಳ್ಳುತ್ತದೆ.

ಸಿಂಕ್ ಕೆಳಗೆ ಮಾತ್ರ ಬಾಗಿಲು: ಪೈಪು ಅಡ್ಡ ಬರುತ್ತದೆ, ಸೋರಿದರೆ ಕೈ ಹೋಗಬೇಕು. ಅಲ್ಲಿ ಪಾರ್ಟಿಕಲ್ ಬೋರ್ಡ್ (ಮರದ ಪುಡಿ ಒತ್ತಿ ಮಾಡಿದ ಹಲಗೆ) ಬೇಡವೇ ಬೇಡ, ನೀರು ಕುಡಿದು ಉಬ್ಬುತ್ತದೆ. ಐಎಸ್ 710 (ನೀರು ತಡೆಯುವ ಮರೈನ್ ಪ್ಲೈವುಡ್‌ನ ಭಾರತೀಯ ಮಾನಕ) ಮುದ್ರೆಯ 18 ಮಿಮೀ ಪ್ಲೈವುಡ್ ಕೇಳಿ, ಕತ್ತರಿಸಿದ ಅಂಚಿಗೂ ಬ್ಯಾಂಡಿಂಗ್ (ಅಂಚು ಮುಚ್ಚುವ ತೆಳು ಟೇಪು) ಹಾಕಿಸಿ.

ಎರಡು ಕಟ್ಟೆ ಸೇರುವ ಮೂಲೆಯಲ್ಲಿ ಎರಡೂ ಕಡೆ ಡ್ರಾಯರ್ ಇಲ್ಲದ 2 ಇಂಚು ಪಟ್ಟಿ ಬಿಡದಿದ್ದರೆ ಒಂದು ಡ್ರಾಯರ್ ಇನ್ನೊಂದರ ಹಿಡಿಗೆ ತಗುಲಿ ತೆರೆಯುವುದಿಲ್ಲ. ಅಳತೆ ತೆಗೆಸುವುದು ಟೈಲ್ಸ್ ಕೂರಿಸಿದ ಮೇಲೆಯೇ. ಗಾರೆ, ಟೈಲ್ಸ್ ಸೇರಿ ಗೋಡೆ ಮುಂದೆ ಬಂದಿರುತ್ತದೆ.